ಹಗಲು ಕಾಣಿಸದ ಅತಿಥಿ

ತುಂಗಭದ್ರೆಯ ದಂಡೆಯವರಿಗೆ ಮೀನಿನ ವಿಷಯ ಹೇಳಹೊರಡುವುದು ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಹೊರಟಂತೆ ಆದೀತೆಂಬ ಅಳುಕು ನನಗೆ ಇಲ್ಲದಿಲ್ಲ. 1945ರಲ್ಲಿ ಅಡಿಗಲ್ಲು ಕಂಡು 1953ರಲ್ಲಿ ನೀರು ತುಂಬಿಕೊಂಡ ಅಣೆಕಟ್ಟು, ಹರಿಯುವ ಹೊಳೆಯನ್ನು ಸುಮಾರು 378 ಚದರ ಕಿಲೋಮೀಟರು ಹರವಿನ ಜಲಾಶಯವನ್ನಾಗಿ ಮಾಡಿತು. ಅದರ ನೆರೆಯಲ್ಲಿರುವ ಹಿಟ್ನಾಳ, ಹುಲಗಿ, ಮುನಿರಾಬಾದಿನ ಜನಕ್ಕೆ ಮೀನೆಂದರೆ ಬಲೆಯ ಮಾತು, ಸಂತೆಯ ಮಾತು, ಒಲೆಯ ಮೇಲಿನ ಸಾರಿನ ಮಾತು. ಬಾಳೆಮೀನು ಯಾವುದು, ಚೇಳುಮೀನು ಯಾವುದು ಎಂಬುದನ್ನು ಅಲ್ಲಿನ ಬೆಸ್ತರ ಮಕ್ಕಳಿಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ಆದರೆ ಮೀನು ಆಹಾರವಾಗಿ ಅಲ್ಲದೆ ಅತಿಥಿಯಾಗಿ ಮನೆಯೊಳಗೆ ಬರುವುದು ಈ ಸೀಮೆಗೆ ಹೊಸತು. ಈಗ ಹೊಸಪೇಟೆ, ಕೊಪ್ಪಳ, ಗಂಗಾವತಿಗಳ ಮನೆಗಳಲ್ಲಿ ಮಾತ್ರವಲ್ಲ, ಹೆದ್ದಾರಿಗೆ ಹತ್ತಿರವಿರುವ ಹಳ್ಳಿಗಳ ಪಡಸಾಲೆಗಳಲ್ಲಿಯೂ ಗಾಜಿನ ತೊಟ್ಟಿಗಳು ಬಂದಿವೆ. ತೊಟ್ಟಿಯ ತಲೆಯ ಮೇಲೆ ಒಂದು ದೀಪ, ತಳದಲ್ಲಿ ಬಣ್ಣದ ಹರಳು, ನಡುವೆ ಗುಳುಗುಳು ಎನ್ನುವ ಗಾಳಿಗುಳ್ಳೆ. ಅದರಲ್ಲಿ ತಿರುಗುವ ಕೆಂಪು, ಬಂಗಾರದ ಬಣ್ಣದ ಮೀನುಗಳು ನಾವು ಬಯಸಿದಂತೆ ನಮಗೆ ಕಾಣಿಸಿಕೊಳ್ಳುತ್ತವೆ. ಇವುಗಳ ನಡುವೆ, ಕಾಣಿಸಿಕೊಳ್ಳಲು ಒಪ್ಪದ ಒಂದು ಜಾತಿಯ ಮೀನಿದೆ. ಅದೇ ಮೀಸೆಮೀನು, ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಎನ್ನುತ್ತಾರೆ. ಇಂದಿನ ನನ್ನ ಮಾತು ಅದರ ಗುರುತನ್ನೂ ಆರೈಕೆಯನ್ನೂ ಕುರಿತದ್ದು.

ಹಿಟ್ನಾಳದಲ್ಲಿ ನನ್ನ ಸ್ನೇಹಿತರೊಬ್ಬರ ಮನೆಯಿದೆ. ಅವರ ಮಗ ಶಾಲೆಗೆ ಹೋಗುವ ಹುಡುಗ. ತಂದೆಯನ್ನು ಕಾಡಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತರಿಸಿಕೊಂಡಿದ್ದ. ಅದರೊಳಗೆ ಮೂರು ಪುಟ್ಟ ಮೀಸೆಮೀನುಗಳನ್ನು ಬಿಟ್ಟು ಹದಿನೈದು ದಿನಗಳಾಗಿದ್ದವು. ಅಂಗಡಿಯವನು ಕೊಡುವಾಗ, “ಇವು ಕ್ಲೀನರ್ ಮೀನು, ತಳದ ಕಸ ತಿಂದುಕೊಂಡಿರುತ್ತವೆ, ಬೇರೆ ಏನೂ ಹಾಕಬೇಕಾಗಿಲ್ಲ” ಎಂದು ಹೇಳಿದ್ದನಂತೆ. ನಾನು ಹೋದ ದಿನ ಹುಡುಗನ ಮುಖ ಸಣ್ಣದಾಗಿತ್ತು.

“ಕಾಕಾ, ರೊಕ್ಕ ಕೊಟ್ಟ ತಂದೀವಿ. ಒಂದರ ಕಣ್ಣಿಗಿ ಬೀಳವಲ್ದು. ಸತ್ತಾವೋ ಏನೋ ಅಂತ ಕಲ್ಲ ಎತ್ತಿ ನೋಡಿದರ ಓಡಿಹೋಗತಾವ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಅಜ್ಜಿ ಅಲ್ಲಿಂದಲೇ ಅಂದರು: “ಹೊಸಾ ಸೊಸಿ ಇದ್ದಂಗ ಅದಾವಳಪಾ ಅವು. ನೀ ಕಲ್ಲ ಎತ್ತಿ ಎತ್ತಿ ನೋಡಿದರ ಹೆಂಗ ಹೊರಗ ಬಂದಾವು?”

ಆ ತಾಯಿ ಮೀನುಶಾಸ್ತ್ರ ಓದಿದವರಲ್ಲ. ಆದರೆ ಶಾಸ್ತ್ರ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಮೀಸೆಮೀನುಗಳಲ್ಲಿ ಬಹುಪಾಲು ಇರುಳಿನ ಜೀವಿಗಳು. ಹಗಲು ಬೇರಿನ ಸಂದಿನಲ್ಲೋ ಕಲ್ಲಿನ ಪೊಟರೆಯಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಆಹಾರಕ್ಕೆ ಹೊರಡುತ್ತವೆ. ನಾಚಿಕೆಯೆಂಬುದು ಅದಕ್ಕೆ ನಾವು ಇಟ್ಟ ಹೆಸರು. ಅದರ ಮಟ್ಟಿಗೆ ಅದು ದಿನಚರಿ. ನಾವು ದೀಪ ಹಾಕಿ ಕಾಯುತ್ತಿರುವ ಹೊತ್ತು ಅದರ ನಿದ್ದೆಯ ಹೊತ್ತು; ನಾವು ದೀಪ ಆರಿಸಿ ಮಲಗಿದ ಮೇಲೆ ಅದರ ಬೆಳಗಾಗುತ್ತದೆ.

ಹಾಗಾದರೆ ಕತ್ತಲಲ್ಲಿ ಅದು ದಾರಿ ಕಾಣುವುದು ಹೇಗೆ? ಮುಂಗಾರಿನಲ್ಲಿ ತುಂಗಭದ್ರೆಯ ನೀರನ್ನು ನೋಡಿದವರಿಗೆ ಈ ಪ್ರಶ್ನೆಯ ಅರ್ಧ ಉತ್ತರ ಹೊಳೆಯುತ್ತದೆ. ಕೆಮ್ಮಣ್ಣು ಕದಡಿದ ಆ ನೀರಿನಲ್ಲಿ ಹಗಲಾದರೂ ಕಣ್ಣಿನ ಆಟ ನಡೆಯದು. ಅಲ್ಲಿ ಬದುಕಬೇಕಾದ ಮೀನು ಕಣ್ಣಿಗಿಂತ ಬೇರೆ ಇಂದ್ರಿಯಗಳನ್ನು ನೆಚ್ಚಿಕೊಂಡಿದೆ. ಬಾಯಿಯ ಸುತ್ತ ಇರುವ ಮೀಸೆಗಳು ಅಲಂಕಾರವಲ್ಲ. ಅವು ಏಕಕಾಲಕ್ಕೆ ಬೆರಳೂ ಹೌದು, ನಾಲಗೆಯೂ ಹೌದು. ರುಚಿಯನ್ನು ಅರಿಯುವ ಮೊಗ್ಗುಗಳು ನಮಗೆ ಬಾಯಿಯೊಳಗಷ್ಟೇ ಇದ್ದರೆ, ಇವುಗಳಿಗೆ ಮೀಸೆಯ ಮೇಲೂ ತುಟಿಯ ಮೇಲೂ ಮೈಚರ್ಮದ ಮೇಲೂ ಹರಡಿಕೊಂಡಿವೆ. ಎಚ್ಚರವಾಗಿರುವವನನ್ನು ಮೈಯೆಲ್ಲ ಕಣ್ಣು ಎನ್ನುತ್ತೇವಲ್ಲ, ಈ ಮೀನನ್ನು ಮೈಯೆಲ್ಲ ನಾಲಗೆ ಎನ್ನಬಹುದು.

ಇನ್ನು ಕಿವಿಯ ವಿಷಯ. ಮೀಸೆಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ತಲೆಯೊಳಗಿನ ಕಿವಿಗೂ ನಡುವೆ ಪುಟ್ಟ ಮೂಳೆಗಳ ಒಂದು ಸರಪಳಿಯುಂಟು. ಇದನ್ನು 1820ರಲ್ಲಿ ವಿವರಿಸಿದವನು ಜರ್ಮನಿಯ ವೇಬರ್ ಎಂಬ ಅಂಗರಚನಾಶಾಸ್ತ್ರಜ್ಞ. ನೀರಿನ ಸದ್ದಿಗೆ ಗಾಳಿಚೀಲ ಕಂಪಿಸುತ್ತದೆ, ಆ ಕಂಪನವನ್ನು ಈ ಮೂಳೆಗಳು ಕಿವಿಗೆ ಮುಟ್ಟಿಸುತ್ತವೆ. ಆದಕಾರಣ ಮೀಸೆಮೀನು ಬಹಳ ಚೆನ್ನಾಗಿ ಕೇಳಬಲ್ಲದು. ಮಕ್ಕಳು ಗಾಜನ್ನು ಬೆರಳಿನಿಂದ ಟಕಟಕ ಬಡಿದಾಗ ಒಳಗಿರುವ ಜೀವಕ್ಕೆ ಏನಾದೀತೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಈ ಕಿವಿಯನ್ನು ಕುರಿತು ಒಂದು ಸೊಗಸಾದ ಸಂಗತಿಯಿದೆ. ಜೇನ್ನೊಣಗಳ ನೃತ್ಯಭಾಷೆಯನ್ನು ಬಿಡಿಸಿ 1973ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಕಾರ್ಲ್ ಫಾನ್ ಫ್ರಿಶ್ ತನ್ನ ಹಿಂದಿನ ದಿನಗಳಲ್ಲಿ ಒಂದು ಕುರುಡು ಮೀಸೆಮೀನನ್ನು ಸಾಕಿದ್ದ. ಮೀನುಗಳಿಗೆ ಕಿವಿ ಕೇಳಿಸದೆಂದು ಆಗ ಅನೇಕ ಪಂಡಿತರ ಮತ. ತೊಟ್ಟಿಯಲ್ಲಿಟ್ಟ ಮಣ್ಣಿನ ಕೊಳವೆಯೇ ಆ ಮೀನಿನ ಮನೆ. ಹಗಲೆಲ್ಲ ಅದರೊಳಗೇ ಇರುತ್ತಿತ್ತು. ಫ್ರಿಶ್ ಆಹಾರ ಕೊಡುವ ಮೊದಲು ಒಂದು ಸಿಳ್ಳು ಹಾಕುವುದನ್ನು ರೂಢಿ ಮಾಡಿದ. ಕೆಲವೇ ದಿನಗಳಲ್ಲಿ, ಆಹಾರ ಇನ್ನೂ ನೀರಿಗೆ ಇಳಿಯದಿರುವಾಗಲೇ, ಸಿಳ್ಳು ಕೇಳಿದೊಡನೆ ಮೀನು ಕೊಳವೆ ಬಿಟ್ಟು ಹೊರಗೆ ಬರತೊಡಗಿತು. 1923ರಲ್ಲಿ ಅವನು ಇದನ್ನು ಪ್ರಕಟಿಸಿದ. ನನಗೆ ಇದರಲ್ಲಿ ಹಿಡಿಸುವುದು ಶಾಸ್ತ್ರದ ಗೆಲುವೊಂದೇ ಅಲ್ಲ. ಮೀನನ್ನು ಹೊರಗೆ ತರಲು ಅವನು ಕೊಳವೆಯನ್ನು ಎತ್ತಲಿಲ್ಲ. ಕೊಳವೆಯನ್ನು ಅದಕ್ಕೇ ಬಿಟ್ಟು, ಹೊರಗೆ ಬರುವುದು ಲಾಭವೆಂದು ಅದಕ್ಕೆ ತೋರುವಂತೆ ಮಾಡಿದ.

ಆದರೆ ಆರೈಕೆಗಿಂತ ಮೊದಲು ಬರುವ ಪ್ರಶ್ನೆ ಒಂದಿದೆ. ಮನೆಗೆ ಬಂದಿರುವ ಅತಿಥಿ ಯಾರು? ಮೀಸೆಮೀನು ಎಂಬುದು ಒಂದು ಮೀನಿನ ಹೆಸರಲ್ಲ, ಒಂದು ದೊಡ್ಡ ವಂಶದ ಹೆಸರು. ಬೆರಳುದ್ದಕ್ಕೆ ಬೆಳೆದು ನಿಲ್ಲುವವೂ ಅದರಲ್ಲುಂಟು, ಆಳುದ್ದ ಬೆಳೆಯುವವೂ ಉಂಟು. ಮರಿಯಾಗಿರುವಾಗ ಎಲ್ಲಕ್ಕೂ ಮೀಸೆಯಿರುತ್ತದೆ, ಎಲ್ಲವೂ ಮುದ್ದಾಗಿಯೇ ಇರುತ್ತವೆ.

ಗುರುತಿಸುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಹುರುಪೆಯುಳ್ಳ ಮೀನು, ಹುರುಪೆಯಿಲ್ಲದ ಮೀನು ಎಂಬ ವಿಂಗಡಣೆಯೂ, ಯಾವ ಮೀನಿಗೆ ಯಾವ ಆಹಾರವೆಂಬ ವಿವರವೂ ಅಲ್ಲಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ದೊರೆಯ ಉದ್ದೇಶ ಗಾಳ ಹಾಕುವ ವಿನೋದವೇ ನಿಜ. ಆದರೂ ಗಾಳಕ್ಕಿಂತ ಮುಂಚೆ ಅರಿವು ಬೇಕೆಂಬುದನ್ನು ಆತ ಬಲ್ಲವನಾಗಿದ್ದ. ಬಹುಕಾಲದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಸೈಕ್ಸ್ 1839ರಲ್ಲಿ ದಖ್ಖನಿನ ಮೀನುಗಳನ್ನು ಕುರಿತು ಬರೆದಾಗ, ಜನ ಕರೆಯುತ್ತಿದ್ದ ಹೆಸರುಗಳನ್ನೇ ಎತ್ತಿಕೊಂಡು ಶಾಸ್ತ್ರದ ಹೆಸರು ಮಾಡಿದ. ಸೀಂಘಾಲಾ, ಗೋಗ್ರಾ, ಟಾಕ್ರಿ ಎಂಬ ಆ ಹೆಸರುಗಳು ಇಂದಿಗೂ ಜಗತ್ತಿನ ಮತ್ಸ್ಯಕೋಶಗಳಲ್ಲಿ ಉಳಿದಿವೆ. ಇವೆಲ್ಲವೂ ಮೀಸೆಮೀನುಗಳೇ.

ಆ ರಾತ್ರಿ ಹಿಟ್ನಾಳದಲ್ಲಿಯೇ ಉಳಿದೆ. ಊಟವಾದ ಮೇಲೆ ಮನೆಯ ದೀಪಗಳನ್ನೆಲ್ಲ ಆರಿಸಿ, ಬ್ಯಾಟರಿಯ ಬಾಯಿಗೆ ಕೆಂಪು ಕಾಗದ ಸುತ್ತಿ, ಹುಡುಗನೂ ನಾನೂ ತೊಟ್ಟಿಯ ಮುಂದೆ ಸದ್ದಿಲ್ಲದೆ ಕುಳಿತೆವು. ಮಂದವಾದ ಕೆಂಪು ಬೆಳಕು ಇಂಥ ಮೀನುಗಳನ್ನು ಅಷ್ಟಾಗಿ ಬೆದರಿಸುವುದಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಮೊದಲು ಒಂದು ಕಲ್ಲಿನ ಅಂಚಿನಲ್ಲಿ ಮೀಸೆಗಳು ಕಂಡವು. ಅವು ಮರಳನ್ನು ತಡವಿದವು. ಆಮೇಲೆ ಮೀನು ಬಂದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹುಡುಗ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಮೂರರಲ್ಲಿ ಎರಡು ಒಂದೇ ಬಗೆಯವು. ಮಾಸಲು ಹೊಂಬಣ್ಣದ ಮೈ, ಪಕ್ಕೆಯ ಉದ್ದಕ್ಕೂ ಗೆರೆಗಳು, ಕಿವಿರಿನ ಹಿಂದೆ ಭುಜದ ಮೇಲೊಂದು ಕಪ್ಪು ಮಚ್ಚೆ, ನಾಲ್ಕು ಜೊತೆ ಮೀಸೆ. ಬೆನ್ನಿನ ರೆಕ್ಕೆಗೂ ಅದರ ಹಿಂದಿನ ಮೆತ್ತನೆಯ ಕೊಬ್ಬಿನ ರೆಕ್ಕೆಗೂ ನಡುವೆ ಒಂದಿಷ್ಟು ತೆರಪು. ಇದು ಮಿಸ್ಟಸ್ ವಿಟ್ಟಾಟಸ್ ಎಂಬ ಗೆರೆಯ ಮೀಸೆಮೀನು. ತರಂಗಂಬಾಡಿಯಿಂದ ಹೋದ ಮೀನನ್ನು ನೋಡಿ ಬರ್ಲಿನ್ನಿನ ವೈದ್ಯ ಬ್ಲಾಕ್ 1794ರಲ್ಲಿ ಇಟ್ಟ ಹೆಸರು ಅದು. ವಿಟ್ಟಾಟಸ್ ಎಂದರೆ ಪಟ್ಟೆಯುಳ್ಳದ್ದು ಎಂದೇ ಅರ್ಥ. ಸಾಮಾನ್ಯವಾಗಿ ಒಂದು ಗೇಣಿನೊಳಗೆ ಇದರ ಬೆಳವಣಿಗೆ ಮುಗಿಯುತ್ತದೆ. ಮನೆಯ ತೊಟ್ಟಿಗೆ ಒಪ್ಪುವ ಮೀನು.

ಮೂರನೆಯದು ಬೇರೆ. ಅದರ ಮೂತಿ ಚಪ್ಪಟೆಯಾಗಿ ಅಗಲವಾಗಿತ್ತು, ಮೈಮೇಲೆ ಗೆರೆಯಿರಲಿಲ್ಲ, ಕೊಬ್ಬಿನ ರೆಕ್ಕೆಯ ಹಿಂದಿನ ತುದಿಯಲ್ಲಿ ಸ್ಪಷ್ಟವಾದ ಒಂದು ಕಪ್ಪು ಚುಕ್ಕೆ. ಅದು ಸೈಕ್ಸ್ ಹೇಳಿದ ಸೀಂಘಾಲಾ ಗುಂಪಿನ ಮರಿ. ನಮ್ಮ ದೊಡ್ಡ ಹೊಳೆಗಳಲ್ಲಿ ಇದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ತೊಟ್ಟಿ ಇರುವುದು ಮೂರಡಿ!

ಕೇಳುಗರಿಗೆ ಉಪಯೋಗವಾದೀತೆಂದು ಇನ್ನೆರಡು ಗುರುತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೊಬ್ಬಿನ ರೆಕ್ಕೆಯೇ ಇಲ್ಲದೆ, ಬಾಯಿ ಕಣ್ಣಿನ ಹಿಂದಕ್ಕೂ ಸೀಳಿಕೊಂಡು, ಎರಡೇ ಜೊತೆ ಮೀಸೆಯಿದ್ದು, ಹೊಟ್ಟೆಯ ಕೆಳಗಿನ ರೆಕ್ಕೆ ಬಾಲದವರೆಗೂ ಸಾಗಿದ್ದರೆ ಅದು ಬಾಳೆಮೀನಿನ ಮರಿ. ಜೊತೆಗಿರುವ ಮೀನುಗಳನ್ನೆಲ್ಲ ನುಂಗಿ ಆಳೆತ್ತರಕ್ಕೆ ಬೆಳೆಯಬಲ್ಲದು. ಕಂದುಗಪ್ಪು ಮೈ, ನಾಲ್ಕು ಜೊತೆ ಮೀಸೆ, ಬೆನ್ನಿನ ಮೇಲೆ ಮುಳ್ಳಿಲ್ಲದ ಗಿಡ್ಡ ರೆಕ್ಕೆಯಿದ್ದರೆ ಅದು ಚೇಳುಮೀನು. ಅದರ ಎದೆಯ ರೆಕ್ಕೆಗಳ ಮುಳ್ಳಿನಲ್ಲಿ ನಂಜಿದೆ; ಚುಚ್ಚಿಸಿಕೊಂಡವರಿಗೆ ಆ ಹೆಸರೇಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಕೊಳ್ಳುವ ಮುನ್ನ ಮೀಸೆಯ ಜೊತೆಗಳನ್ನು ಎಣಿಸಿರಿ, ಬೆನ್ನನ್ನು ನೋಡಿರಿ, ಕೊಬ್ಬಿನ ರೆಕ್ಕೆಯನ್ನೂ ಅದರ ಮೇಲಿನ ಚುಕ್ಕೆಯನ್ನೂ ನೋಡಿರಿ. ಬಣ್ಣವೊಂದನ್ನೇ ನಂಬಬೇಡಿರಿ; ಹೆದರಿದ ಮೀನಿನ ಬಣ್ಣ ಮಾಸಿಹೋಗುತ್ತದೆ.

ಇನ್ನು ಆರೈಕೆ. ಕ್ಲೀನರ್ ಎಂಬ ಬಿರುದು ಈ ಮೀನುಗಳಿಗೆ ದೊಡ್ಡ ಶತ್ರು. ಕಸ ತಿಂದು ಬದುಕುತ್ತದೆಂದು ನಂಬಿ ಅದನ್ನು ಉಪವಾಸ ಕೆಡಹುವ ಮನೆಗಳು ಎಷ್ಟೋ. ಗೆರೆಯ ಮೀಸೆಮೀನು ಹುಳು, ಹುಪ್ಪಟೆ, ಸಣ್ಣ ಸೀಗಡಿಗಳನ್ನು ಹುಡುಕಿ ತಿನ್ನುವ ಬೇಟೆಗಾರ. ಹಗಲು ತೇಲುವ ಆಹಾರ ಹಾಕಿದರೆ ಮೇಲಿನ ಮೀನುಗಳು ಮುಗಿಸಿಬಿಡುತ್ತವೆ. ದೀಪ ಆರಿಸಿದ ಮೇಲೆ, ತಳಕ್ಕೆ ಮುಳುಗುವ ಗುಳಿಗೆಯನ್ನೋ ತೊಳೆದ ಎರೆಹುಳುವಿನ ತುಂಡನ್ನೋ, ಅಡಗುದಾಣದ ಬಳಿ, ಮಿತವಾಗಿ ಹಾಕಬೇಕು. ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನುಗಳನ್ನು ಅದರೊಡನೆ ಇಡಬಾರದು. ಬೆಳಿಗ್ಗೆ ಎಣಿಕೆ ತಪ್ಪುತ್ತದೆ.

ಎರಡನೆಯದು, ಅಡಗುದಾಣ. ಒಡೆದ ಗಡಿಗೆಯ ಕಂಠ, ಅಗಲವಾದ ಕೊಳವೆಯ ತುಂಡು, ನೀರಿನಲ್ಲಿ ನೆನೆದು ಭಾರವಾದ ಮರದ ಬೇರು, ಯಾವುದಾದರೂ ಆದೀತು. ಮೀನಿಗೊಂದರಂತೆ ಇರಲಿ, ಒಂದು ಹೆಚ್ಚೇ ಇರಲಿ. ವಿಚಿತ್ರವೆಂದರೆ ಅಡಗಲು ಜಾಗ ಹೆಚ್ಚಿದಷ್ಟೂ ಮೀನು ಹೊರಗೆ ಬರುವುದು ಹೆಚ್ಚುತ್ತದೆ. ಓಡಿಹೋಗಲು ಮನೆ ಹತ್ತಿರವಿದೆಯೆಂಬ ಧೈರ್ಯ ಅದಕ್ಕೆ ಬೇಕು. ಒಂಟಿಯಾಗಿ ಇಡುವುದಕ್ಕಿಂತ ಸಾಕಷ್ಟು ಸ್ಥಳವಿರುವಲ್ಲಿ ಐದಾರನ್ನು ಒಟ್ಟಿಗೆ ಇಟ್ಟರೆ ಅವು ಬೇಗ ಒಗ್ಗಿಕೊಳ್ಳುತ್ತವೆ. ತಳಕ್ಕೆ ಚೂಪಾದ ಬಣ್ಣದ ಹರಳು ಬೇಡ. ಮೀಸೆ ಸವೆದು ಹುಣ್ಣಾಗುತ್ತದೆ. ತೊಳೆದ ನುಣುಪು ಹೊಳೆಮರಳೇ ಸಾಕು.

ಮೂರನೆಯದು ನೀರು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ, ಅದು ವಿಷ. ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಕಡಿಮೆ ಕೇಡಿನ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳ ಸಂಸಾರ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆದಕಾರಣ ಹೊಸ ತೊಟ್ಟಿಗೆ ಅದೇ ದಿನ ಮೀನು ತುಂಬುವುದೂ, ತಿಂಗಳಿಗೊಮ್ಮೆ ನೀರನ್ನೆಲ್ಲ ಚೆಲ್ಲಿ ಮರಳನ್ನು ಉಜ್ಜಿ ತೊಳೆಯುವುದೂ ಎರಡೂ ಕೇಡೇ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ನಲ್ಲಿಯ ನೀರಾದರೆ ಕ್ಲೋರಿನ್ ಕಳೆದಿರಬೇಕು. ಕೊಳವೆಬಾವಿಯ ಗಡಸು ನೀರಾದರೆ ಮೀನನ್ನು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು. ನಮ್ಮ ಕಡೆಯ ಬೇಸಗೆಯಲ್ಲಿ ತೊಟ್ಟಿಯ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ತೊಟ್ಟಿ ಮನೆಯ ತಂಪು ಮೂಲೆಯಲ್ಲಿರಲಿ. ಕರೆಂಟು ಹೋದಾಗ ಚೊಂಬಿನಿಂದ ನೀರನ್ನು ಮೊಗೆದು ಮೊಗೆದು ಮೇಲಿಂದ ಸುರಿಯುವುದೂ ಒಂದು ಉಪಾಯವೇ.

ಕಡೆಯದಾಗಿ, ಇದಕ್ಕೆ ಹುರುಪೆಯಿಲ್ಲ. ಬರಿಮೈಯ ಮೀನಾದುದರಿಂದ ಔಷಧಗಳ ಕಾವು ಬೇಗ ತಟ್ಟುತ್ತದೆ; ಬೇರೆ ಮೀನಿಗೆ ಹೇಳಿದ ಪ್ರಮಾಣವನ್ನು ಇದಕ್ಕೆ ಹಾಗೆಯೇ ಹಾಕಬಾರದು. ಹಿಡಿಯುವಾಗ ಬಲೆಯೂ ಬೇಡ. ಹೆದರಿದಾಗ ಬೆನ್ನಿನ ಮತ್ತು ಎದೆಯ ಮುಳ್ಳುಗಳನ್ನು ಸೆಟೆಸಿ ಬೀಗ ಹಾಕಿದಂತೆ ನಿಲ್ಲಿಸಿಬಿಡುತ್ತದೆ. ಬಲೆಯಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ, ಬಿಡಿಸುವವರ ಬೆರಳಿಗೂ ಅಪಾಯ. ಗಾಜಿನ ಲೋಟವನ್ನೋ ಪಾತ್ರೆಯನ್ನೋ ನೀರಿನೊಳಗೆ ಹಿಡಿದು ಅದರೊಳಕ್ಕೆ ಮೆಲ್ಲನೆ ನಡೆಸಿಕೊಳ್ಳಬೇಕು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ, ಆ ಮೂರನೆಯ ಮೀನಿನ ಪ್ರಶ್ನೆ ಎದ್ದಿತು. ಸ್ನೇಹಿತರು ಸಹಜವಾಗಿಯೇ ಅಂದರು: “ಅದಕ್ಕೇನ್ರೀ, ಹೊಳಿ ಇಲ್ಲೇ ಐತಿ. ಹೊಳಿ ಮೀನ ಹೊಳಿಗಿ ಬಿಟ್ಟರ ಪುಣ್ಯಾನ ಬರ್ತೈತಿ.”

ಈ ಮಾತಿನ ಹಿಂದಿರುವ ಕರುಣೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹೊಳೆಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಅಂಗಡಿಯ ತೊಟ್ಟಿಯ ಮೀನು ದೇಶದೇಶಗಳ ಮೀನುಗಳೊಡನೆ ಒಂದೇ ನೀರು ಕುಡಿದು ಬಂದದ್ದು. ಅದರ ಮೈಯಲ್ಲಿ ಯಾವ ರೋಗ, ಯಾವ ಪರೋಪಜೀವಿ ಇದೆಯೆಂಬುದನ್ನು ಕಣ್ಣಿನಿಂದ ಕಾಣಲಾಗದು. ಹೆಸರು ಹೊಳೆಯ ಮೀನಿನದೇ ಆದರೂ ಅದು ಬಂದದ್ದು ಯಾವ ಹೊಳೆಯಿಂದಲೋ. ಇನ್ನು ಪರದೇಶದ ಮೀನಾದರಂತೂ ಕೇಳಬೇಕಾಗಿಲ್ಲ. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ದಕ್ಷಿಣ ಅಮೆರಿಕದ ಮೀಸೆಮೀನೊಂದನ್ನು ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ. ಬೆಳೆದು ದೊಡ್ಡದಾದಾಗ ಸಾಕಿದವರು ಕೆರೆಗೆ, ಹೊಳೆಗೆ ಬಿಟ್ಟರು. ಕವಚದಂಥ ಮೈಯುಳ್ಳ ಈ ಮೀನು ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ, ಬಲೆಗಳನ್ನು ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಆಂಧ್ರದ ಮೀನುಗಾರರು ಇದನ್ನು ದೆವ್ವದ ಮೀನು ಎನ್ನುತ್ತಾರೆ. ಸಾಕಣೆಗೆಂದು ಕದ್ದುಮುಚ್ಚಿ ಬಂದ ಆಫ್ರಿಕದ ಮೀಸೆಮೀನನ್ನು ಭಾರತ ಸರ್ಕಾರ 1997ರಲ್ಲಿಯೇ ನಿಷೇಧಿಸಬೇಕಾಯಿತೆಂಬುದನ್ನೂ ನೆನೆಯಬೇಕು.

ತುಂಗಭದ್ರೆಗೆ ಬಿಟ್ಟದ್ದು ತುಂಗಭದ್ರೆಯಲ್ಲಿಯೇ ಉಳಿಯುವುದಿಲ್ಲ. ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಗಂಗಾವತಿಯ ಗದ್ದೆಗಳನ್ನು ಹಾಯ್ದು ರಾಯಚೂರು ಜಿಲ್ಲೆಯವರೆಗೆ ಇನ್ನೂರು ಕಿಲೋಮೀಟರಿಗೂ ಮೀರಿ ನಡೆಯುತ್ತದೆ. ನದಿಯೋ ಮುಂದೆ ಕೃಷ್ಣೆಯನ್ನು ಸೇರುತ್ತದೆ. ಹಿಟ್ನಾಳದ ಪಡಸಾಲೆಯಿಂದ ಹೊರಟ ಒಂದು ಬಕೆಟ್ಟಿನ ನೀರು ಎಲ್ಲಿಯವರೆಗೆ ಹೋದೀತೆಂದು ಹೇಳಬಲ್ಲವರಾರು? ಆ ನೀರಿನ ಮೀನನ್ನೇ ನಂಬಿ ಬಲೆ ಬೀಸುವ ಸಂಸಾರಗಳು ದಂಡೆಯುದ್ದಕ್ಕೂ ಇವೆ. ನಮ್ಮ ಪುಣ್ಯದ ಸಾಲವನ್ನು ಅವರು ತೀರಿಸಬೇಕಾಗಿ ಬರಬಾರದು.

ಇದೆಲ್ಲವನ್ನೂ ಹುಡುಗ ಕೇಳುತ್ತಿದ್ದ. “ಹಂಗಾರ ಇದನ್ನ ಯಾರಿಗಿ ಕೊಡೂದು, ಕಾಕಾ?” ಎಂದ. ಒಳ್ಳೆಯ ಪ್ರಶ್ನೆಯೆಂದರೆ ಅದು. ನಾಲ್ಕು ದಿನ ವಿಚಾರಿಸಿದ ಮೇಲೆ ಪರಿಚಯದವರೊಬ್ಬರ ತೋಟದಲ್ಲಿ ಇಪ್ಪತ್ತಡಿ ಉದ್ದದ ಸಿಮೆಂಟಿನ ತೊಟ್ಟಿ ಇರುವುದು ತಿಳಿಯಿತು. ನೀರು ಹೊರಹೋಗುವ ಬಾಯಿಗೆ ತಂತಿಯ ಜಾಲರಿ ಬಿಗಿಸಿ, ನೆರಳಿಗೆ ಒಂದು ದೊಡ್ಡ ಮಣ್ಣಿನ ಕೊಳವೆ ಇಳಿಸಿ, ಮೀನನ್ನು ಅಲ್ಲಿ ಬಿಟ್ಟರು. ಬಿಟ್ಟೊಡನೆ ಅದು ಕೊಳವೆಯೊಳಗೆ ಮರೆಯಾಯಿತಂತೆ. ಹುಡುಗನಿಗೆ ಈ ಸಲ ಬೇಸರವಾಗಲಿಲ್ಲ. ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಉಳಿದ ಎರಡಕ್ಕೆ ಜೊತೆಯಾಗಿ ಗೆರೆಯವೇ ಮೂರನ್ನು, ಈ ಬಾರಿ ಭುಜದ ಮಚ್ಚೆ ನೋಡಿ ಆರಿಸಿ, ಅವನೇ ತಂದಿದ್ದಾನೆ. ಬಣ್ಣದ ಹರಳು ಹೋಗಿ ಮರಳು ಬಂದಿದೆ. ತೊಟ್ಟಿಯ ದೀಪವನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ಹಾಕುತ್ತಾರೆ. ಬಂದ ನೆಂಟರು “ಬರೇ ಗಡಗಿ ಚೂರ ಇಟ್ಟೀರಲ್ರೀ, ಮೀನ ಎಲ್ಲಿ?” ಎಂದು ಕೇಳಿದರೆ, ರಾತ್ರಿ ಊಟ ಮಾಡಿಕೊಂಡು ಹೋಗಿರೆಂದು ಅಜ್ಜಿ ಹೇಳುತ್ತಾರೆ.

ಮಾನ್ಯ ಕೇಳುಗರೇ, ಮೀನು ಸಾಕಬೇಡಿರೆಂದು ನಾನು ಹೇಳಿದೆನೆಂದು ಭಾವಿಸಬಾರದು. ಸಾಕುವ ಮುನ್ನ ಅದು ಯಾರೆಂದು ಕೇಳಿರಿ, ಎಷ್ಟು ಬೆಳೆದೀತೆಂದು ಕೇಳಿರಿ, ಬೆಳೆದ ಮೇಲೂ ಅದಕ್ಕೆ ನಿಮ್ಮಲ್ಲಿ ಇಂಬಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ತಂದ ಮೇಲೆ ಅದಕ್ಕೆ ಬೇಕಾದ ಕತ್ತಲನ್ನು ಕೊಡಿರಿ. ಅದು ಹೊರಗೆ ಬರುವ ಹೊತ್ತಿಗೆ ನೀವು ಸದ್ದಿಲ್ಲದೆ ಕಾಯುವುದಾದರೆ, ಆ ಅರ್ಧ ಗಂಟೆ ವ್ಯರ್ಥವಾಗದು.